ಗೊರಕೆ ನಿಂತಾಗ ಹೆದರಬೇಕಿತ್ತು

ಗೊರಕೆಯೆಂದರೆ ಗಂಡಸರ ಸೊತ್ತು, ಹೆಂಗಸು ಹೊಡೆದರೆ ನಗೆಪಾಟಲು ಎಂದು ನೀವೂ ಅಂದುಕೊಂಡಿದ್ದೀರಾ? ನಾನಂತೂ ಹಾಗಂದುಕೊಂಡೇ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನಾದಿನಿಯ ದೊಡ್ಡ ಮಗಳ ಮದುವೆಯಲ್ಲಿ ಛತ್ರದ ತುಂಬ ಜಮಖಾನ ಹಾಸಿ ಹೆಂಗಸರೆಲ್ಲ ಸಾಲಾಗಿ ಮಲಗಿದರೆ, ನಾನೊಬ್ಬಳು ಗೋಡೆಗೊರಗಿ ಬೆಳಗು ಮಾಡಿದೆ. "ಯಾಕತ್ತಿಗೆ, ನಿದ್ದೆ ಬರಲಿಲ್ವಾ?" ಎಂದು ನಾದಿನಿ ಕೇಳಿದರೆ, "ಸೊಳ್ಳೆ ಕಾಟ ಕಣಮ್ಮ" ಎಂದೆ!

ರಾತ್ರಿ ಎಂಟು ಗಂಟೆ ಮಲಗಿದರೂ ಏಳುವಾಗ ತಲೆನೋವು, ಬಾಯೆಲ್ಲ ಒಣಗಿರುತ್ತಿತ್ತು. ಅಕ್ಕಿ ಆರಿಸಲು ಕೂತರೆ ಮೊರದ ಮೇಲೇ ತೂಕಡಿಕೆ. ಎರಡು ಸಲ ಹಾಲು ಉಕ್ಕಿ, ಸೀದು, ಪಾತ್ರೆ ಕರಿಯಾಯಿತು. "ಇವಳಿಗೆ ಸೋಮಾರಿತನ ಹತ್ತಿದೆ" ಎಂದು ಅತ್ತೆಯವರು ಅಂದರು. ಅದಕ್ಕಿಂತ, ಇದ್ದರೂ ಇರಬಹುದೇನೋ ಎಂದು ನನಗೇ ಅನ್ನಿಸಿದ್ದು ಹೆಚ್ಚು ನೋಯಿಸಿತು.

ರಜೆಗೆ ಬಂದ ಮಗಳು ಒಂದು ರಾತ್ರಿ ನನ್ನ ಪಕ್ಕ ಮಲಗಿದ್ದಳು. ಬೆಳಿಗ್ಗೆ ಮೊಬೈಲಿನಲ್ಲಿ ನನ್ನ ಗೊರಕೆ ಕೇಳಿಸಿದಳು. ನನಗೋ ನಾಚಿಕೆ! "ಅದಲ್ಲಮ್ಮಾ, ಈಗ ಕೇಳು" ಅಂದಳು. ಗೊರಕೆ ನಿಂತಿತು. ಸದ್ದೇ ಇಲ್ಲ. ಅವಳು ಒಂದು, ಎರಡು ಎಂದು ಇಪ್ಪತ್ತರವರೆಗೆ ಎಣಿಸಿದಳು. ಆಮೇಲೆ ನೀರಲ್ಲಿ ಮುಳುಗಿದವರು ಮೇಲೆದ್ದ ಹಾಗೆ ಒಂದು ಏದುಸಿರು. ನಮ್ಮವರ ಮುಖ ಬಾಡಿತು. "ಗೊರಕೆ ನಿಂತಾಗ, ಸದ್ಯ, ಒಳ್ಳೇ ನಿದ್ದೆ ಹತ್ತಿತು ಅಂದ್ಕೊಳ್ತಿದ್ದೆನಲ್ಲೇ" ಅಂದರು.

ತಿಪಟೂರಿನ ನಮ್ಮ ಡಾಕ್ಟರು ಬೆಂಗಳೂರಿಗೆ ಚೀಟಿ ಬರೆದರು. 'ಸ್ಲೀಪ್ ಸ್ಟಡಿ' ಅಂತೆ. ಒಂದು ರಾತ್ರಿ ಅಲ್ಲಿ ಮಲಗಬೇಕು. "ನಿದ್ದೆ ಮಾಡೋಕೂ ದುಡ್ಡು ಕೊಡಬೇಕಾ?" ಎಂದು ಅತ್ತೆಯವರು ಬೆರಗಾದರು. ತಲೆಗೆ ಸ್ನಾನ ಮಾಡಿ ಬನ್ನಿ, ಎಣ್ಣೆ ಹಚ್ಚಬೇಡಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ, ಉಗುರುಬಣ್ಣ ತೆಗೆಯಿರಿ ಎಂದು ಅಲ್ಲಿಂದ ಹೇಳಿದ್ದರು.

ರಾತ್ರಿ ಒಬ್ಬ ಹುಡುಗಿ ಬಂದು ನೆತ್ತಿಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಕಾಲಿಗೆ ವೈರು ಅಂಟಿಸಿದಳು. ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿಗೆ ಸಣ್ಣ ಕೊಳವೆ, ಬೆರಳಿಗೆ ಕ್ಲಿಪ್ಪು. ಸೂಜಿಯಿಲ್ಲ, ನೋವಿಲ್ಲ. ವೈರುಗಳನ್ನೆಲ್ಲ ಸೇರಿಸಿ ಬೆನ್ನ ಹಿಂದೆ ಇಳಿಬಿಟ್ಟಾಗ ಸೀಮಂತದ ಮೊಗ್ಗಿನ ಜಡೆ ನೆನಪಾಗಿ ನಕ್ಕುಬಿಟ್ಟೆ. "ಗೊರಕೆ ಹೊಡೆದರೆ ಏನೂ ಅಂದ್ಕೋಬೇಡಮ್ಮ" ಅಂದೆ. "ಹೊಡೀರಿ ಆಂಟಿ, ಅದನ್ನ ನೋಡೋಕೇ ನಾನು ಎದ್ದಿರೋದು" ಅಂದಳು. ಆ ಮಾತಿಗೇ ಅರ್ಧ ಭಾರ ಇಳಿಯಿತು. ನಿದ್ದೆ ತಡವಾಗಿಯಾದರೂ ಬಂತು.

ಗಂಟೆಗೆ 22 ಸಲ ನನ್ನ ಉಸಿರು ನಿಲ್ಲುತ್ತಿತ್ತು, ಇಲ್ಲವೇ ಕುಗ್ಗುತ್ತಿತ್ತು. ಪ್ರತಿ ಸಲವೂ ಕನಿಷ್ಠ 10 ಸೆಕೆಂಡು! 5ರೊಳಗಿದ್ದರೆ ಚಿಂತೆಯಿಲ್ಲ, 15ರಿಂದ 30 ಮಧ್ಯಮ ಎಂದರು ಡಾಕ್ಟರು. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ, ಮಿದುಳು ತಟ್ಟಿ ಎಬ್ಬಿಸುತ್ತದೆ, ನಮಗದು ನೆನಪಿರುವುದಿಲ್ಲ. ಬಿ.ಪಿ. ಏರುವುದಕ್ಕೂ ಇದಕ್ಕೂ ನಂಟಿದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚುತ್ತದಂತೆ. "ಇದು ಕಾಯಿಲೆ, ಸೋಮಾರಿತನ ಅಲ್ಲಮ್ಮ" ಎಂದಾಗ ಅಲ್ಲೇ ಅತ್ತುಬಿಟ್ಟೆ.

ಈಗ ರಾತ್ರಿ ಮೂಗಿಗೆ ಮುಸುಕು ಕಟ್ಟಿ ಮಲಗುತ್ತೇನೆ. ಪುಟ್ಟ ಯಂತ್ರವೊಂದು ಗಾಳಿಯ ಒತ್ತಡದಿಂದ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ 1981ರಲ್ಲೇ ಈ ಉಪಾಯವನ್ನು ಲೋಕಕ್ಕೆ ತಿಳಿಸಿದ್ದರು. ಮೊದಲ ಎರಡು ವಾರ ಉಸಿರು ಕಟ್ಟಿದಂತಾಗಿ ಕಿತ್ತೆಸೆಯುವ ಹಾಗಾಗುತ್ತಿತ್ತು. ಈಗ ರೂಢಿಯಾಗಿದೆ. ಹಾಲು ಸೀಯುವುದಿಲ್ಲ.

ಹೋದ ತಿಂಗಳು ನಾದಿನಿಯ ಎರಡನೇ ಮಗಳ ಮದುವೆ. ಛತ್ರದಲ್ಲಿ ಪ್ಲಗ್ಗಿರುವ ಗೋಡೆ ಹುಡುಕಿ, ಎಲ್ಲರೆದುರೇ ಯಂತ್ರ ಹಚ್ಚಿ ಮಲಗಿದೆ. ಬೆಳಿಗ್ಗೆ ನಮ್ಮ ದೊಡ್ಡಮ್ಮನ ಮಗಳು ಪಕ್ಕಕ್ಕೆ ಕರೆದು, "ನಂಗೂ ಹಾಗೇ ಆಗುತ್ತೆ ಕಣೇ, ಯಾರಿಗೂ ಹೇಳಿಲ್ಲ" ಅಂದಳು. ಡಾಕ್ಟರ ವಿಳಾಸ ಬರೆದುಕೊಟ್ಟೆ.

ನಿಮ್ಮನೆಯಲ್ಲೂ ಒಂದು ರಾತ್ರಿ ಯಾರಾದರೂ ಕಿವಿಗೊಟ್ಟು ಕೇಳಲಿ. ಗೊರಕೆಯನ್ನಲ್ಲ, ಅದರ ನಡುವಿನ ಮೌನವನ್ನು.