ಟಿಂಬರ್ ಯಾರ್ಡಿಗೆ ಹೋಗಿ ಮಂಚ ತಂದ ಕಥೆ

ಹೋದ ವರ್ಷ ಮಳೆಗಾಲದಲ್ಲಿ ಅಪ್ಪ ಮೂಡಿಗೆರೆಯಿಂದ ಬಂದು, ವಿಜಯನಗರದ ನನ್ನ ಬಾಡಿಗೆ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದರು. ಆಗ ನನ್ನ ಹತ್ರ ಮಂಚ ಇರಲಿಲ್ಲ. ಡಬ್ಬದಲ್ಲಿ ಸುರುಳಿ ಸುತ್ತಿಕೊಂಡು ಬಂದ ಫೋಮ್ ಹಾಸಿಗೆಯನ್ನು ನೆಲದ ಮೇಲೇ ಬಿಡಿಸಿ ಮೂರು ವರ್ಷದಿಂದ ಮಲಗುತ್ತಿದ್ದೆ. ಒಬ್ಬನೇ ಇರೋ ಮನೆ, ನಡೆಯುತ್ತೆ. ಅಪ್ಪನಿಗೆ ಹಾಸಿಗೆ ಬಿಟ್ಟುಕೊಟ್ಟು ನಾನು ಹಾಲಿನಲ್ಲಿ ಚಾಪೆ ಹಾಕಿಕೊಂಡೆ. ಎರಡನೇ ದಿನ ಬೆಳಗ್ಗೆ ಐದೂವರೆಗೆ ಎದ್ದು ನೋಡಿದರೆ ಅಪ್ಪ ಗೋಡೆಗೆ ಒರಗಿ ಕೂತಿದ್ದರು.

"ಯಾವಾಗ ಎಚ್ಚರ ಆಯ್ತು?" ಅಂದೆ.

"ಎರಡು ಗಂಟೆಗೆ. ಬಾತ್‌ರೂಮಿಗೆ ಹೋಗಬೇಕಿತ್ತು. ಕೆಳಗಿಂದ ಏಳಕ್ಕೆ ಮೊಣಕಾಲು ಬಿಡ್ಲಿಲ್ಲ. ನಿನ್ನ ಎಬ್ಬಿಸೋದು ಯಾಕೆ ಅಂತ ಸುಮ್ನೆ ಕೂತೆ."

ಮೂರೂವರೆ ಗಂಟೆ! ಆವತ್ತೇ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟುಹೋದರು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಕಾಫಿ ಕೊಯ್ಲು, ಮೆಣಸು, ಯಾರದೋ ಗೃಹಪ್ರವೇಶ, ಹೀಗೆ ಪ್ರತಿ ಸಲವೂ ಒಂದು ನೆಪ. ಈ ವರ್ಷ ಬೆಂಗಳೂರಿನ ಡಾಕ್ಟರಿಗೇ ಕಾಲು ತೋರಿಸಬೇಕು ಅಂತಾದಾಗಲೂ "ಬೆಳಗ್ಗೆ ಬಂದು ರಾತ್ರಿ ಬಸ್ಸಿಗೆ ವಾಪಸ್ ಹೋಗ್ತೀನಿ" ಅಂದರು.

ಅವರು ಹೋದ ಮೇಲೆ ಹಾಸಿಗೆ ಎತ್ತಿ ನೋಡಿದ್ದೆ. ತಳದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ, ಬೂಷ್ಟು. ನೆಲದ ಮೇಲೆ ಫೋಮ್ ಹಾಸಿ ಮಲಗುವವರು ಒಮ್ಮೆ ಎತ್ತಿ ನೋಡಿ. ಮೈಯ ಬೆವರಿನ ತೇವ ಫೋಮಿನೊಳಗೆ ಇಳಿದು ಕೆಳಗೆ ಹೋಗುತ್ತೆ, ತಣ್ಣನೆ ನೆಲಕ್ಕೆ ತಾಗಿ ಅಲ್ಲೇ ಉಳಿಯುತ್ತೆ. ಅಡಿಯಲ್ಲಿ ಗಾಳಿ ಆಡಿದರೆ ಮಾತ್ರ ಅದು ಆರುತ್ತೆ.

ರೆಡಿಮೇಡ್ ಮಂಚ ಕೊಳ್ಳೋಣ ಅಂತ ಅಂಗಡಿ ಸುತ್ತಿದೆ. ಚೆಂದ ಕಾಣೋದೆಲ್ಲ ಕುಳ್ಳ. ಎತ್ತರ ಸರಿ ಇರೋದೆಲ್ಲ ಕೆಳಗೆ ಪೆಟ್ಟಿಗೆ ಇಟ್ಟು ಮುಚ್ಚಿದ ಪ್ಲೈವುಡ್, ನಮ್ಮ ಮನೆಯ ಇಕ್ಕಟ್ಟಿನ ಮೆಟ್ಟಿಲಲ್ಲಿ ಎರಡನೇ ಮಹಡಿಗೆ ಏರೋ ಜಾತಿಯದ್ದಲ್ಲ. ಬಾಡಿಗೆ ಮನೆ ಬೇರೆ, ಬಿಟ್ಟು ಹೋಗುವಾಗ ಬಿಚ್ಚಿ ಒಯ್ಯುವ ಹಾಗಿರಬೇಕು. ಕೊನೆಗೆ ನಾನೇ ಮಾಡ್ತೀನಿ ಅಂತ ತೀರ್ಮಾನಿಸಿದೆ. ಆವರೆಗೆ ನಾನು ಮರಗೆಲಸ ಅಂತ ಮಾಡಿದ್ದು ಗೋಡೆಗೆ ಮೊಳೆ ಹೊಡೆದದ್ದು ಮಾತ್ರ.

ಮೊದಲ ಅಳತೆ ಬಂದದ್ದು ಅಮ್ಮನಿಂದ. ಪ್ಯಾಂಟ್ ಹೊಲಿಸೋಕೆ ಅಂತ ಸುಳ್ಳು ಹೇಳಿ, ಅಪ್ಪನ ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ ಟೇಪ್ ಹಿಡಿದು ನೋಡಿದಳು: 18 ಇಂಚು. ಮೊಣಕಾಲು ನೋವಿದ್ದವರಿಗೆ ಕೂರುವ ಜಾಗ ಅದಕ್ಕಿಂತ ತುಸು ಎತ್ತರ ಇದ್ದರೆ ಏಳೋದು ಸಲೀಸು, ಫೋಮ್ ಅಂಚಿನಲ್ಲಿ ಕೂತಾಗ ತಗ್ಗುತ್ತೆ ಕೂಡ. ಹಾಗಾಗಿ 20 ಇಂಚು ಅಂದುಕೊಂಡೆ. ಅದರಲ್ಲಿ ಹಾಸಿಗೆಯ 6 ಇಂಚು, ಅಡಿಗೆ ಹಾಕುವ ಪಟ್ಟಿಯ ಮುಕ್ಕಾಲು ಇಂಚು ಕಳೆದರೆ ಕಾಲಿನ ಉದ್ದ 13¼ ಇಂಚು. ಈ ಲೆಕ್ಕ ಬರೆದ ಚೀಟಿ ಜೇಬಲ್ಲಿಟ್ಟುಕೊಂಡು ಶನಿವಾರ ಬೆಳಗ್ಗೆ ಮೆಟ್ರೋ ಹತ್ತಿದೆ. ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿ ನಗರ. ಅಷ್ಟೇ ಪ್ರಯಾಣ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಅನ್ನೋ ಹೆಸರು ಬಸ್ಸಿನಲ್ಲಿ ಕೂತು ಬೋರ್ಡಿನಲ್ಲಿ ಎಷ್ಟು ಸಲ ಓದಿದ್ದೇನೋ. ಒಳಗೆ ಕಾಲಿಟ್ಟದ್ದು ಅದೇ ಮೊದಲು. ಗಾಳಿ ಆಂಜನೇಯನ ಗುಡಿ ಇರುವ ಇದೇ ರಸ್ತೆಯಲ್ಲಿ ವೃಷಭಾವತಿಯ ವಾಸನೆ ಯಾರನ್ನೂ ಬಿಡೋದಿಲ್ಲ. ಆದರೆ ಯಾರ್ಡಿನ ಬೀದಿಗೆ ತಿರುಗಿ ಸ್ವಲ್ಪ ದೂರ ನಡೆದರೆ ಆ ವಾಸನೆ ಸೋತು ಹೊಸ ಮರದ ಹೊಟ್ಟಿನ ಪರಿಮಳ ಗೆಲ್ಲುತ್ತೆ. ಶೆಡ್ಡುಗಳ ಮುಂದೆ ದಿಮ್ಮಿಗಳ ರಾಶಿ, ಅವುಗಳ ತಲೆಯ ಮೇಲೆ ಬಣ್ಣದಲ್ಲಿ ಬರೆದ ನಂಬರು. ಒಳಗೆ ಬ್ಯಾಂಡ್ ಸಾ ಕಿರುಚುವಾಗ ಯಾರೂ ಮಾತಾಡೋದಿಲ್ಲ, ಬೆರಳಲ್ಲೇ ವ್ಯಾಪಾರ. ಅದು ನಿಂತ ಕೂಡಲೇ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಮರದ ವ್ಯಾಪಾರದಲ್ಲಿ ಗುಜರಾತಿನ ಕಛ್ ಕಡೆಯ ಪಟೇಲರು ಬಹಳ. ನಾನು ಹೊಕ್ಕ ಮಳಿಗೆಯ ಯಜಮಾನರೂ ಅವರೇ, ಕನ್ನಡ ಮಾತ್ರ ನನಗಿಂತ ಚುರುಕು.

"ಏನ್ ಮರ? ಎಷ್ಟು ಸಿಎಫ್‌ಟಿ?" ಅಂದರು.

ಮರವನ್ನು ಘನ ಅಡಿಯಲ್ಲಿ ಮಾರುತ್ತಾರೆ ಅನ್ನೋದು ಗೊತ್ತಿತ್ತು, ಲೆಕ್ಕ ಹಾಕೋದು ಗೊತ್ತಿರಲಿಲ್ಲ. ಅವರೇ ಚೀಟಿಯ ಹಿಂದೆ ಬರೆದು ತೋರಿಸಿದರು. ದಪ್ಪ ಇಂಚಲ್ಲಿ, ಅಗಲ ಇಂಚಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ. ನನ್ನ ಆರೂವರೆ ಅಡಿ ಉದ್ದ, ಐದಡಿ ಅಗಲದ ಮಂಚಕ್ಕೆ ಎಲ್ಲ ಸೇರಿ ಸುಮಾರು 3 ಸಿಎಫ್‌ಟಿ. ಅವರ ಮುಖದಲ್ಲಿ 'ಇಷ್ಟಕ್ಕೆ ಬಂದ್ಯಾ' ಅನ್ನೋದು ಕಂಡಿತು, ಬಾಯಲ್ಲಿ ಬರಲಿಲ್ಲ.

ತೇಗದ ಬೆಲೆ ಕೇಳಿದೆ, ಕೇಳಿದ ಗೌರವಕ್ಕೆ ಒಂದು ನಿಮಿಷ ಸುಮ್ಮನಿದ್ದೆ. ಹೊನ್ನೆ, ಮತ್ತಿ ನನ್ನ ಡ್ರಿಲ್ಲಿಗೆ ಬಗ್ಗೋ ಮರಗಳಲ್ಲ. ಮೂಲೆಯಲ್ಲಿ ಹಳೆಯ ಪ್ಯಾಲೆಟ್ಟುಗಳಿದ್ದವು, ಅಗ್ಗ. ಅದನ್ನು ಕೊಳ್ಳುವವರು ಮುದ್ರೆ ನೋಡಬೇಕು. ಎಚ್‌ಟಿ ಅಂತಿದ್ದರೆ ಬಿಸಿ ಕೊಟ್ಟು ಹುಳ ಕೊಂದದ್ದು, ಎಂಬಿ ಅಂತಿದ್ದರೆ ವಿಷದ ಹೊಗೆ ಹಾಕಿದ್ದು. ಮಲಗುವ ಜಾಗಕ್ಕೆ ಎಂಬಿ ಬೇಡ. ಅಲ್ಲಿದ್ದ ಅರ್ಧಕ್ಕರ್ಧದ ಮೇಲೆ ಮುದ್ರೆಯೇ ಇರಲಿಲ್ಲ, ಬಿಟ್ಟೆ. ಆಗ ಯಜಮಾನರು ಬಿಳಿ-ಗುಲಾಬಿ ಬಣ್ಣದ, ಚುಕ್ಕಿ ಚುಕ್ಕಿ ಹೊಳಪಿನ ಹಲಗೆಯೊಂದನ್ನು ಎಳೆದು ತೋರಿಸಿದರು. "ಸಿಲ್ವರ್ ಓಕ್. ನಿಮ್ಮ ಚಿಕ್ಕಮಗಳೂರು ಕಡೇದೇ."

ಅಪ್ಪನಿಗೆ ಫೋನ್ ಮಾಡದೇ ಇರೋಕೆ ಆಗಲಿಲ್ಲ. ಕಾಫಿ ಎಸ್ಟೇಟಿನಲ್ಲಿ 35 ವರ್ಷ ರೈಟರ್ ಆಗಿದ್ದವರು, ಸಿಲ್ವರ್ ಮರ ಎಣಿಸೋದೇ ಅವರ ಅರ್ಧ ಕೆಲಸ. ಮಂಚ ನನಗೆ ಅಂತಲೇ ಹೇಳಿದೆ.

"ಸಿಲ್ವರಲ್ಲಿ ಮಂಚ ಮಾಡ್ತೀಯಾ? ಮೆಣಸು ಹಬ್ಬಿಸೋ ಮರ ಮಾರಾಯ ಅದು! ಪೆಟ್ಟಿಗೆ ಮಾಡ್ತಾರೆ ಅದ್ರಲ್ಲಿ."

ಆಸ್ಟ್ರೇಲಿಯಾದಿಂದ ಬಂದು ನಮ್ಮ ತೋಟಗಳಲ್ಲಿ ನೆರಳು ಕೊಡುತ್ತಾ ನಿಂತ ಮರ. ಅಪ್ಪನಿಗೆ ಅದು ಯಾವತ್ತೂ ಮರದ ಲೆಕ್ಕವೇ ಅಲ್ಲ. ಆದರೂ ಬೈದ ಮೇಲೆ ಕೇಳಿದರು, "ಹ್ಯಾಗೆ ಕೂರಿಸ್ತೀಯಾ?" ನಾನು ಅಡ್ಡಪಟ್ಟಿ, ಸೆಂಟರ್ ಸಪೋರ್ಟ್ ಅಂತ ಏನೇನೋ ಹೇಳಿದೆ. "ಅಷ್ಟೆಲ್ಲ ಬೇಡ. ನಮ್ಮನೆ ಮಾಡು ನೆನಪಿಸ್ಕೋ. ನಡುವೆ ತೊಲೆ, ಮೇಲೆ ರೀಪರ್. ಹಂಚಿನ ಬದಲು ನಿನ್ನ ಹಾಸಿಗೆ. ತೊಲೆಗೆ ಕಂಬ ಕೊಡದೇ ಹೋದ್ರೆ ಮಾಡು ಏನಾಗುತ್ತೆ?"

"ಬಗ್ಗುತ್ತೆ."

"ಹಸಿ ಮರ ತಗೋಬೇಡ, ತೂಕ ನೋಡು. ತುಂಬುತೋಳಿನ ಅಂಗಿ ಹಾಕ್ಕೊಂಡು ಉಜ್ಜು, ಸಿಲ್ವರ್ ಹೊಟ್ಟು ಕೆಲವರಿಗೆ ಮೈಯೆಲ್ಲ ತುರಿಸುತ್ತೆ."

ಮೂರು ನಿಮಿಷದ ಫೋನು. ನಾನು ಮೂರು ವಾರ ನೋಡಿದ ವಿಡಿಯೋಗಳೆಲ್ಲ ಅದರಲ್ಲಿತ್ತು.

ಒಣಗಿದ ಹಲಗೆ ಆರಿಸಿ ಅಲ್ಲೇ ಸೀಳಿಸಿ, ಅಳತೆಗೆ ಕೊಯ್ಯಿಸಿದೆ. 3 ಇಂಚು ಅಗಲದ ರೀಪರ್ 14. ಎರಡರ ನಡುವೆ 2¾ ಇಂಚು ಸಂದು ಬರುತ್ತೆ. ಸಂದು 3 ಇಂಚಿಗಿಂತ ಹೆಚ್ಚಾದರೆ ಫೋಮ್ ಅದರೊಳಗೆ ಇಳಿದು ಬೇಗ ಹಾಳಾಗುತ್ತೆ, ಸಂದೇ ಇಲ್ಲದಿದ್ದರೆ ಮತ್ತೆ ಬೂಷ್ಟು. ಆರೂವರೆ ಅಡಿಯ ಹಲಗೆಗಳು ಮೆಟ್ರೋಗೆ ಒಗ್ಗವು. ಒಬ್ಬ ಆಟೋದವರು ಒಪ್ಪಿ, ಹೊರಗೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ ಮನೆ ಮುಟ್ಟಿಸಿದರು. ಮೆಟ್ಟಿಲಿನಲ್ಲಿ ಅವರೂ ಒಂದು ಕೈ ಹಾಕಿದರು. ಮಾರನೇ ವಾರ ಎಸ್.ಜೆ.ಪಿ. ರಸ್ತೆಗೆ ಹೋಗಿ ನಟ್, ಬೋಲ್ಟು, ಸ್ಕ್ರೂ, ಉಪ್ಪುಕಾಗದ ತಂದೆ. ಕಾಲು ಸೇರುವ ಕಡೆಯೆಲ್ಲ ಬೋಲ್ಟು, ಬಿಚ್ಚೋಕೆ ಸುಲಭ.

ಎರಡು ಭಾನುವಾರ ಹೋಯಿತು. ಟೆರೇಸಿನಲ್ಲಿ ಉಜ್ಜಿದೆ, ತುಂಬುತೋಳು ಹಾಕಿಕೊಂಡೇ. ಮೊದಲ ರೀಪರಿಗೆ ಸಣ್ಣ ತೂತು ಕೊರೆಯದೇ ನೇರ ಸ್ಕ್ರೂ ಬಿಟ್ಟೆ, ಟಪ್ ಅಂತ ಸೀಳಿತು. ಒಂದು ಹೆಚ್ಚಿಗೆ ತಂದಿದ್ದಕ್ಕೆ ಬಚಾವು. ಮೂಲೆಮಟ್ಟ ಇಟ್ಟು ನೋಡಿದರೆ ಒಂದು ಮೂಲೆ ಕೂಡುತ್ತಿತ್ತು, ಎದುರಿನದು ಬಾಯಿ ಬಿಡುತ್ತಿತ್ತು. ಎರಡೂ ಕರ್ಣ ಅಳೆದು ಸಮ ಬರುವವರೆಗೆ ಒದ್ದು, ಬೋಲ್ಟು ಬಿಗಿದೆ. ನಡುವಿನ ತೊಲೆಗೆ ಎರಡು ಕಾಲು ಕೊಟ್ಟೆ. ಅಗಸೆ ಎಣ್ಣೆ ಹಚ್ಚಿದಾಗ ಪೆಟ್ಟಿಗೆ ಮರದ ಚುಕ್ಕಿಗಳು ಎದ್ದು ನಿಂತವು.

ಡಿಸೆಂಬರಿನಲ್ಲಿ ಅಪ್ಪ ಡಾಕ್ಟರ್ ಹತ್ರ ಬಂದರು. ಲೇಟಾಯಿತು, ಬಸ್ಸು ತಪ್ಪಿತು. ತಪ್ಪುವ ಹಾಗೆ ನಾನೇ ಸ್ವಲ್ಪ ನೋಡಿಕೊಂಡೆ. ಮನೆಗೆ ಬಂದು ಮಂಚ ನೋಡಿದವರು ಮಾತಾಡದೆ ಕೂತರು, ಎದ್ದರು, ಮತ್ತೆ ಕೂತರು. "ಪ್ಯಾಂಟಿನ ಅಳತೆ" ಅಂದರು, ಅಷ್ಟೇ. ಆಮೇಲೆ ಹಾಸಿಗೆ ಸರಿಸಿ ರೀಪರುಗಳ ಮೇಲೆ ಬೆರಳಿಂದ ಬಡಿಯುತ್ತಾ ಬಂದು, ನಡುವೆ ಒಂದು ಕಡೆ ನಿಂತರು. ತೊಲೆ ಎರಡು ನೂಲು ತಗ್ಗಿತ್ತು, ಅಲ್ಲಿ ರೀಪರ್ ಕೂತಿರಲಿಲ್ಲ. ಸೀಳಿದ ರೀಪರಿನ ತುಂಡು ಕೇಳಿ ತಗೊಂಡು, ಮಂಚದ ಮೇಲೆ ಕೂತೇ ಅಡುಗೆಮನೆಯ ಚಾಕುವಿನಲ್ಲಿ ಬೆಣೆ ಕೆತ್ತಿದರು. ಅದನ್ನು ಬಡಿದು ಕೂರಿಸಿದ್ದು ನಾನು.

ರಾತ್ರಿ ನಾನು ಹಾಲಿನಲ್ಲಿ ಚಾಪೆ ಮೇಲಿದ್ದೆ. ಎರಡೂ ಹತ್ತಕ್ಕೆ ರೂಮಿನಿಂದ ಸಣ್ಣಗೆ ಕಿರ್ ಅಂತ ಸದ್ದಾಯಿತು. ಕಣ್ಣು ಮುಚ್ಚಿಕೊಂಡೇ ಇದ್ದೆ. ಬಾತ್‌ರೂಮಿನ ಸ್ವಿಚ್ಚು, ನಲ್ಲಿ, ಮತ್ತೆ ಸ್ವಿಚ್ಚು. ನನ್ನ ಪಕ್ಕದಲ್ಲೇ ನಿಧಾನಕ್ಕೆ ಹಾದುಹೋದ ಹೆಜ್ಜೆ. ಮತ್ತೊಮ್ಮೆ ಕಿರ್. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.