ಗಲಾಪಗೋಸ್ ದಾರಿಯಲ್ಲಿ ಗಂಡ-ಹೆಂಡತಿ

ಮಕ್ಕಳೇ, ಅಟ್ಲಾಸಿನಲ್ಲಿ ದಕ್ಷಿಣ ಅಮೆರಿಕದ ಪುಟ ತೆಗೆಯಿರಿ. ಖಂಡದ ಎಡಕ್ಕೆ, ಪೆಸಿಫಿಕ್ ಸಾಗರದಲ್ಲಿ, ಸಮಭಾಜಕ ವೃತ್ತದ ಗೆರೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಲವು ಚುಕ್ಕೆಗಳಿವೆ. ಅವೇ ಗಲಾಪಗೋಸ್ ದ್ವೀಪಗಳು. ಈಕ್ವೆಡಾರ್ ದೇಶಕ್ಕೆ ಸೇರಿದ ಇವು ಆ ದೇಶದ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ದೂರದಲ್ಲಿವೆ.

ಜ್ವಾಲಾಮುಖಿಗಳಿಂದ ಹುಟ್ಟಿದ ನೆಲ ಅದು. ಇನ್ನೂರು ಕಿಲೋಗೂ ಹೆಚ್ಚು ತೂಗುವ ಆಮೆಗಳು ಅಲ್ಲಿವೆ. ಸಮುದ್ರಕ್ಕಿಳಿದು ಪಾಚಿ ಮೇಯುವ ಇಗ್ವಾನಾಗಳಿವೆ. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ಬಂದು ನೋಡಿದ್ದು ಈ ದ್ವೀಪಗಳನ್ನೇ. ಇನ್ನೊಂದು ಸೋಜಿಗ ಕೇಳಿ: ಸೂರ್ಯ ನೆತ್ತಿ ಸುಡುವ ಈ ಜಾಗದಲ್ಲಿ ಪೆಂಗ್ವಿನ್‌ಗಳೂ ಇವೆ! ದಕ್ಷಿಣದಿಂದ ಹರಿದು ಬರುವ ಹಂಬೋಲ್ಟ್ ಎಂಬ ಶೀತಪ್ರವಾಹ ಇಲ್ಲಿನ ನೀರನ್ನು ತಂಪಾಗಿಡುತ್ತದೆ. ಸಮುದ್ರದೊಳಗೂ ಹೀಗೆ ನದಿಗಳಂತೆ ಹರಿಯುವ ಪ್ರವಾಹಗಳಿರುತ್ತವೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ದ್ವೀಪಗಳನ್ನು ನೋಡಲು ಹೊರಟ ಒಂದು ಜೋಡಿಯ ಕಥೆ ಹೇಳುತ್ತೇನೆ. ಮಾರಿಸ್ ಬೈಲಿ ಮತ್ತು ಅವರ ಹೆಂಡತಿ ಮಾರಲಿನ್, ಇಂಗ್ಲೆಂಡಿನ ಡರ್ಬಿಯವರು. ಆತ ಮುದ್ರಣಾಲಯದಲ್ಲಿ, ಆಕೆ ತೆರಿಗೆ ಕಚೇರಿಯಲ್ಲಿ ಕೆಲಸಕ್ಕಿದ್ದರು. ನನ್ನ ಹಾಗೆಯೇ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ ಸಂಜೆ ಮನೆಗೆ ಬರುವ ಮಂದಿ. ಮಳೆ, ಚಳಿ, ಆಫೀಸು ಸಾಕೆನಿಸಿ ಮನೆಯನ್ನೇ ಮಾರಿ ಒಂದು ಹಾಯಿದೋಣಿ ಕಟ್ಟಿಸಿದರು. ಇಬ್ಬರ ಹೆಸರನ್ನೂ ಬೆಸೆದು ಅದಕ್ಕೆ 'ಆರಲಿನ್' ಎಂದು ಹೆಸರಿಟ್ಟರು. ಉದ್ದ 31 ಅಡಿ. ನಮ್ಮೂರ ಬಸ್ಸಿಗಿಂತ ಚಿಕ್ಕದು. ಮಾರಲಿನ್ ಅವರಿಗೆ ಈಜು ಬರುತ್ತಿರಲಿಲ್ಲ ಎಂದರೆ ನಂಬುತ್ತೀರಾ?

1972ರ ಜೂನ್‌ನಲ್ಲಿ ಹೊರಟರು. ಸೇರಬೇಕಾದದ್ದು ನ್ಯೂಜಿಲೆಂಡ್. ಅಟ್ಲಾಂಟಿಕ್ ದಾಟಿ, ವೆಸ್ಟ್ ಇಂಡೀಸ್ ದ್ವೀಪಗಳನ್ನು ಕಂಡು, ಪನಾಮಾ ಕಾಲುವೆಗೆ ಬಂದರು. ಅಲ್ಲಿ ಹಡಗುಗಳು ಮೆಟ್ಟಿಲು ಹತ್ತುತ್ತವೆ! ಗೇಟು ಮುಚ್ಚಿ ನೀರು ತುಂಬಿಸಿ ಹಡಗನ್ನು ಹಂತಹಂತವಾಗಿ 26 ಮೀಟರ್ ಮೇಲೆತ್ತುತ್ತಾರೆ; ಆಚೆ ಕಡೆ ಅದೇ ರೀತಿ ಇಳಿಸುತ್ತಾರೆ.

ಕಾಲುವೆ ದಾಟಿದರೆ ಪೆಸಿಫಿಕ್. ಮುಂದಿನ ನಿಲ್ದಾಣವೇ ಗಲಾಪಗೋಸ್. ಈ ದಾರಿಯಲ್ಲಿ ಗಾಳಿ ನೆಚ್ಚಿಕೊಳ್ಳುವಂಥದ್ದಲ್ಲ. ಉತ್ತರ, ದಕ್ಷಿಣಗಳಿಂದ ಬೀಸುವ ವಾಣಿಜ್ಯ ಮಾರುತಗಳು ಸಮಭಾಜಕದ ಹತ್ತಿರ ಸೇರಿ ಮಂದವಾಗುತ್ತವೆ. ನಾವಿಕರು ಇದನ್ನು ಶಾಂತವಲಯ ಎನ್ನುತ್ತಾರೆ. ಆಗ ಈಗಿನಂತೆ ಜಿಪಿಎಸ್ ಇರಲಿಲ್ಲ. ಸೆಕ್ಸ್‌ಟೆಂಟ್ ಎಂಬ ಉಪಕರಣದಿಂದ ಸೂರ್ಯನ, ನಕ್ಷತ್ರಗಳ ಎತ್ತರ ಅಳೆದು, ಲೆಕ್ಕ ಹಾಕಿ, ತಾವೆಲ್ಲಿದ್ದೇವೆಂದು ತಿಳಿಯಬೇಕು. ದಡಕ್ಕೆ ಸುದ್ದಿ ಕಳಿಸುವ ರೇಡಿಯೋವನ್ನೂ ಅವರು ಇಟ್ಟುಕೊಂಡಿರಲಿಲ್ಲ.

1973ರ ಮಾರ್ಚ್ 4, ಮುಂಜಾನೆ. ಗಲಾಪಗೋಸ್ ಇನ್ನು ಸುಮಾರು 300 ಮೈಲಿ ಇದ್ದಾಗ ದೋಣಿಗೆ ದಡ್ ಎಂದು ಏನೋ ಬಡಿಯಿತು. ನೋಡಿದರೆ ಗಾಯಗೊಂಡ ದೈತ್ಯ ತಿಮಿಂಗಿಲ! ದೋಣಿಯ ತಳ ಒಡೆದು ನೀರು ನುಗ್ಗಿತು. ಬಟ್ಟೆ, ದಿಂಬು ತುರುಕಿದರೂ ನಿಲ್ಲಲಿಲ್ಲ. ಒಂದು ಗಂಟೆಯೊಳಗೆ ಅವರ ಮನೆ, ಆಸ್ತಿ ಎಲ್ಲವೂ ಕಣ್ಣೆದುರೇ ಮುಳುಗಿಹೋಯಿತು. ಉಳಿದದ್ದು ಗಾಳಿ ತುಂಬಿದ ಒಂದು ರಬ್ಬರ್ ತೆಪ್ಪ, ಅದಕ್ಕೆ ಕಟ್ಟಿದ ಒಂದು ಪುಟ್ಟ ರಬ್ಬರ್ ದೋಣಿ, ಕೆಲವು ಡಬ್ಬಿ ತಿನಿಸು, ಕ್ಯಾನಿನಲ್ಲಿ ನೀರು.

ಮೊದಲು ದ್ವೀಪಗಳ ಕಡೆಗೆ ಹುಟ್ಟು ಹಾಕಿ ನೋಡಿದರು. ಆದರೆ ಕಡಲೊಳಗಿನ ನದಿ ಬಿಡಬೇಕಲ್ಲ! ಅದು ತೆಪ್ಪವನ್ನು ದ್ವೀಪಗಳಿಂದ ಆಚೆಗೇ ಒಯ್ಯುತ್ತಿತ್ತು. ಆಗ ಒಂದು ಉಪಾಯ ಹೂಡಿದರು. ಒಂದು ಕಡಲಾಮೆಯನ್ನು ಹಿಡಿದು, ಎತ್ತನ್ನು ಗಾಡಿಗೆ ಕಟ್ಟುವಂತೆ ತೆಪ್ಪಕ್ಕೆ ಹಗ್ಗ ಹಾಕಿ ಕಟ್ಟಿದರು. ಅದು ಸರಿಯಾದ ದಿಕ್ಕಿಗೇ ಎಳೆಯಿತು! ಉಬ್ಬಿಹೋಗಿ ಇನ್ನೊಂದನ್ನೂ ಕಟ್ಟಿದರು. ಅದು ತದ್ವಿರುದ್ಧ ದಿಕ್ಕಿಗೆ ಎಳೆಯತೊಡಗಿತು. ಅಲ್ಲಿಗೆ ಆ ಗಾಡಿ ಪ್ರಯಾಣ ಮುಗಿಯಿತು.

ದೋಣಿಯಲ್ಲಿ ಇದ್ದಷ್ಟು ದಿನ ಮಾರಿಸ್ ಕ್ಯಾಪ್ಟನ್. ತೆಪ್ಪಕ್ಕೆ ಬಂದ ಮೇಲೆ ಆತ ಕುಗ್ಗಿಹೋದರು, ಕಾಯಿಲೆಯೂ ಬಿತ್ತು. ಆಗ ಸಂಸಾರದ ಹೊಣೆ ಹೊತ್ತವರು ಮಾರಲಿನ್. ಡಬ್ಬಿಗಳನ್ನು ಎಣಿಸಿ, ದಿನಕ್ಕೆ ಇಷ್ಟೇ ಎಂದು ಪಾಲು ಮಾಡಿದರು. ಅಕೌಂಟ್ಸ್ ಬಲ್ಲ ನನಗೆ ಈ ಭಾಗ ಬಹಳ ಇಷ್ಟ. ಡಬ್ಬಿಗಳು ಮುಗಿಯುತ್ತಾ ಬಂದಾಗ ಪಿನ್ನನ್ನು ಬಗ್ಗಿಸಿ ಗಾಳ ಮಾಡಿ ಮೀನು ಹಿಡಿದರು. ಮೀನು, ಆಮೆ, ಹಕ್ಕಿ - ಸಿಕ್ಕಿದ್ದನ್ನು ಹಸಿಯಾಗಿಯೇ ತಿನ್ನಬೇಕಾಯಿತು. ಸುತ್ತ ನೀರೇ ನೀರು. ಕುಡಿಯಲು ಮಾತ್ರ ಮಳೆಯೇ ಗತಿ. ತೆಪ್ಪದ ಗಾಳಿ ಸೋರುತ್ತಿದ್ದುದರಿಂದ ಪಂಪು ಹೊಡೆಯುತ್ತಲೇ ಇರಬೇಕಿತ್ತು.

ಹೊಟ್ಟೆಗೆ ಇಷ್ಟಾಯಿತು, ಮನಸ್ಸಿಗೆ? ಮಾರಲಿನ್ ಕಾಗದ ಹರಿದು ಇಸ್ಪೀಟ್ ಎಲೆ ಮಾಡಿದರು, ಡಾಮಿನೋ ಮಾಡಿದರು. ಡೈರಿ ಬರೆದರು. ಊರಿಗೆ ಹೋದ ಮೇಲೆ ನೆಂಟರಿಗೆ ಏನೇನು ಅಡುಗೆ ಬಡಿಸಬೇಕೆಂದು ಪಟ್ಟಿ ಹಾಕಿದರು. ಎಲ್ಲಕ್ಕಿಂತ ಹೆಚ್ಚಾಗಿ, ಮುಂದೆ ಕಟ್ಟಿಸುವ ಹೊಸ ದೋಣಿಯ ನಕ್ಷೆ ಬರೆದರು! ಮಲಗಲು ಜಾಗವೆಲ್ಲಿ, ಸಾಮಾನು ಇಡುವುದೆಲ್ಲಿ ಎಂದು ಗಂಡ-ಹೆಂಡತಿ ಗಂಟೆಗಟ್ಟಲೆ ಚರ್ಚೆ ಮಾಡುತ್ತಿದ್ದರು.

ಏಳು ಹಡಗುಗಳು ಹತ್ತಿರದಿಂದಲೇ ಹಾದುಹೋದವು. ಕೂಗಿದರು, ಬಟ್ಟೆ ಬೀಸಿದರು. ಯಾರಿಗೂ ಕಾಣಲಿಲ್ಲ. ಅಲೆಗಳ ನಡುವೆ ಪುಟ್ಟ ತೆಪ್ಪವನ್ನು ಗುರುತಿಸುವುದು ಗದ್ದೆಯಲ್ಲಿ ಗುಂಡುಸೂಜಿ ಹುಡುಕಿದಂತೆ.

ಜೂನ್ 30ರಂದು ಎಂಟನೆಯ ಹಡಗು ಬಂತು. ದಕ್ಷಿಣ ಕೊರಿಯಾದ ಮೀನುಗಾರಿಕೆ ಹಡಗು 'ವೋಲ್ಮಿ 306'. ಅದೂ ಮುಂದೆ ಹೋಯಿತು. ಆದರೆ ಸ್ವಲ್ಪ ಹೊತ್ತಿಗೆ ತಿರುಗಿ ಬಂತು! ಮಾರ್ಚ್ 4ರಿಂದ ಅಲ್ಲಿಗೆ ಎಷ್ಟು ದಿನ? ಬೆರಳು ಮಡಿಸಿ ಲೆಕ್ಕ ಮಾಡಿ: 118. ಅಷ್ಟರಲ್ಲಿ ತೆಪ್ಪ ಸುಮಾರು 1,500 ಮೈಲಿ ತೇಲಿತ್ತು. ಹಡಗು ಹತ್ತಿದಾಗ ಇಬ್ಬರಿಗೂ ನಿಲ್ಲುವ ಶಕ್ತಿಯಿರಲಿಲ್ಲ. ಮೂಳೆಯ ಮೇಲೆ ಚರ್ಮ ಅಷ್ಟೆ. ಆ ಕೊರಿಯಾದವರು ಹಾಲು ಕುಡಿಸಿ, ಮಕ್ಕಳನ್ನು ನೋಡಿಕೊಂಡಂತೆ ನೋಡಿಕೊಂಡು, ಹವಾಯಿ ದ್ವೀಪದ ಹೊನೊಲುಲುವಿಗೆ ತಂದು ಇಳಿಸಿದರು.

ಇಷ್ಟಾದ ಮೇಲೆ ಅವರು ಸಮುದ್ರದ ಸಹವಾಸವೇ ಬೇಡವೆಂದರೇ? ಇಲ್ಲ! ತೆಪ್ಪದಲ್ಲಿ ಕನಸು ಕಂಡ ಹೊಸ ದೋಣಿ ನಿಜವಾಯಿತು. 'ಆರಲಿನ್ 2' ಏರಿ ದಕ್ಷಿಣ ಅಮೆರಿಕದ ತುದಿಯ ಪಟಗೋನಿಯಾಕ್ಕೆ ಹೋಗಿಬಂದರು.

ನನ್ನ ವಯಸ್ಸಿನ ಓದುಗರು ಇದನ್ನು ಮೊಮ್ಮಕ್ಕಳಿಗೆ ಹೇಳುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ತಾತ, ಅವರು ಅಷ್ಟು ದಿನ ಹೇಗೆ ಬದುಕಿದರು?" ಅದೃಷ್ಟ ಇತ್ತು, ಮಳೆ ಬಂತು, ಮೀನು ಸಿಕ್ಕಿತು, ಎಲ್ಲವೂ ನಿಜ. ಜೊತೆಗೆ ಇದನ್ನೂ ಹೇಳಿ. ಒಬ್ಬರು ಕೈಚೆಲ್ಲಿದ ದಿನ ಇನ್ನೊಬ್ಬರು ಕೈ ಹಿಡಿದರು. ಬೆಳಗಾದರೆ ಮಾಡಲು ಒಂದು ಕೆಲಸ ಇಟ್ಟುಕೊಂಡರು. ರಾತ್ರಿಯಾದರೆ ಮಾತಾಡಲು ನಾಳೆಯ ಒಂದು ವಿಷಯ ಇಟ್ಟುಕೊಂಡರು. ಮನೆಯಲ್ಲಿ ಇಬ್ಬರೇ ಉಳಿದ ನಮ್ಮಂಥ ಅಜ್ಜ-ಅಜ್ಜಿಯರಿಗೂ ಈ ಲೆಕ್ಕ ಸರಿಹೊಂದುತ್ತದೆ.