ಒಗ್ಗರಣೆಗೂ ಆಮದು

ಅಡುಗೆ ಎಣ್ಣೆಯಲ್ಲಿ ಸ್ವಾವಲಂಬನೆ ಆಗದ ಮಾತು ಅನ್ನುವವರು 1990ರ ದಶಕದ ಆರಂಭವನ್ನು ಮರೆತಂತಿದೆ. 1986ರಲ್ಲಿ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಶುರುವಾದ ಕೆಲವೇ ವರ್ಷಗಳಲ್ಲಿ ಭಾರತ ತನಗೆ ಬೇಕಾದ ಎಣ್ಣೆಯ ಬಹುಪಾಲನ್ನು ತಾನೇ ತೆಗೆಯುತ್ತಿತ್ತು. 1994ರಿಂದ ಪಾಮೋಲಿನ್ ಆಮದು ಮುಕ್ತವಾಯಿತು, ಸುಂಕ ಇಳಿಯಿತು. ಚಳ್ಳಕೆರೆಯ ಎಷ್ಟೋ ಶೇಂಗಾ ಎಣ್ಣೆ ಮಿಲ್‌ಗಳು ಮುಚ್ಚಿದವು (ಬರದ ಪಾಲೂ ಇದೆ, ಸರಿ). ಈಗ ಅರ್ಧಕ್ಕಿಂತ ಹೆಚ್ಚು ಎಣ್ಣೆ ಹೊರಗಿನದು. ಹಾಗಾಗಿ ಆಮದು ಸುಂಕ ಏರಿಸಬೇಕು. ಏರಿಸಿದರೆ ಬಡವರಿಗೇ ಹೊರೆ ಎಂಬ ಆಕ್ಷೇಪ ನಿಜವೇ. ಆದರೆ 2022ರಲ್ಲಿ ಉಕ್ರೇನ್ ಯುದ್ಧ, ಇಂಡೋನೇಷ್ಯಾದ ತಾಳೆ ಎಣ್ಣೆ ರಫ್ತು ನಿಷೇಧ ಎರಡೂ ಬಂದೆರಗಿದಾಗ ಈ ಆಮದು ಯಾವ ಬಡವರನ್ನು ಕಾಯಿತು? ಸುಂಕದ ದುಡ್ಡಲ್ಲೇ ಶೇಂಗಾ, ಸೂರ್ಯಕಾಂತಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಎಣ್ಣೆ ಕೊಡಬಹುದಲ್ಲ? ನೀರು ಹೀರುವ ತಾಳೆ ಬೆಳೆಗೆ ಸಬ್ಸಿಡಿ ಸುರಿಯುವುದಕ್ಕಿಂತ ಇದು ವಾಸಿ. ಏನಂತೀರಿ?